ಕಾಳಕ್ಕನ ಪಾತಿಗೆ ಜೇಕು ತಂದವರು

ಮೊಳಕೆಯೊಡೆದ ಜೇಕು ಕಳೆಯ ಗಡ್ಡೆಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು ಕಾಳಕ್ಕ ಚಿತ್ರಲಿಂಗಪ್ಪನವರ ಜಗಲಿಗೆ ಬಂದು, ಸಿಟ್ಟಿನಿಂದ ಅವನ್ನು ಅವರ ಮುಂದೆ ಸುರಿದಳು. ಎರಡು ಬೇಸಿಗೆ ಬಿಸಿಲಲ್ಲಿ ಕೂತು, ಗಡ್ಡೆ ಗಡ್ಡೆಯನ್ನೂ ಬಗೆದು ಕಿತ್ತು ಹಸನು ಮಾಡಿದ ತರಕಾರಿ ಪಾತಿಯ ಹೊಲ ಅವಳದು. ಈಗ ಮೆಂತ್ಯಕ್ಕಿಂತ ಮುಂಚೆ ಜೇಕೇ ತಲೆ ಎತ್ತಿತ್ತು.

"ಗೊಬ್ಬರ ಆಗ್ಲಿ ಅಂತ ಎತ್ತಪ್ಪನ ಕುರಿ ಮಂದೆ ನಿಲ್ಲಿಸ್ಕಂಡೆ. ಹಿಕ್ಕೆ ಜತಿಗೆ ಈ ಪೀಡೇನೂ ಹಾಕಿ ಹೋದ. ಇನ್ನು ಊರಾಗೆ ಯಾರೂ ಅವನ ಮಂದೆ ಹಾಕಿಸ್ಕಬಾರ್ದು ಅಂತ ಟ್ರ್ಯಾಕ್ಟರ್ ರಂಗೇಶ ಎಲ್ರಿಗೂ ಹೇಳ್ಯಾನೆ," ಎಂದಳು.

ಚಿತ್ರಲಿಂಗಪ್ಪ ನಿವೃತ್ತ ಹೆಡ್ ಕಾನ್‌ಸ್ಟೇಬಲ್. ಆದಿವಾಲದಲ್ಲಿ ಕೋಳಿ ಕಳೆದರೂ ಜನ ಅವರ ಮನೆಗೇ ಬರುತ್ತಿದ್ದರು. ಪಕ್ಕದಲ್ಲಿ ಕೂತಿದ್ದ ಗೆಳೆಯ, ಚಹದಂಗಡಿಯ ಮಂಜಣ್ಣನಿಗೆ ಮೈ ಉರಿಯಿತು. ಮಂದೆ ನಿಲ್ಲಿಸುವುದೇ ಎತ್ತಪ್ಪನ ಬದುಕು. ಅದನ್ನು ತಪ್ಪಿಸಿದರೆ ಅವನ ಹೆಂಡತಿ ಮಕ್ಕಳು ಏನು ಮಣ್ಣು ತಿನ್ನಬೇಕೇ?

ಮೂವರೂ ಹೊಲಕ್ಕೆ ಹೋದರು.

"ಕುರಿ ಎಲ್ಲಿ ಮಲಗಿದ್ವು ಕಾಳಕ್ಕ?" ಎಂದು ಚಿತ್ರಲಿಂಗಪ್ಪ ಕೇಳಿದರು.

"ಆ ತುದೀಲಿ, ಬೇವಿನ ಮರದ ಕಡೆ."

ಮಂಜಣ್ಣ ನೋಡಿದ. ಬೇವಿನ ಕಡೆ ಜೇಕು ಅಲ್ಲೊಂದು ಇಲ್ಲೊಂದು. ಗೇಟಿನ ಬಳಿ ಮಾತ್ರ ಒತ್ತೊತ್ತಾಗಿ ಎದ್ದಿತ್ತು. ಚಿತ್ರಲಿಂಗಪ್ಪ ಕೆಲವು ಗಡ್ಡೆ ಬಗೆದು ತೆಗೆದರು. ಅರ್ಧಕ್ಕರ್ಧ ಗಡ್ಡೆಗಳು ಕತ್ತರಿಸಿ ತುಂಡಾಗಿದ್ದವು. ಕಾಳಕ್ಕನ ಕೆಂಪು ಮಣ್ಣಿನ ನಡುವೆ ಕರೀ ಮಣ್ಣಿನ ಹೆಂಟೆಗಳೂ ಸಿಕ್ಕವು.

"ಮಂದೆ ಎದ್ದ ಮೇಲೆ ಹೊಲ ಯಾರು ಹೊಡೆದಿದ್ದು?"

"ರಂಗೇಶನೇ, ರೋಟಾವೇಟರ್‌ನಾಗೆ. ತೊಳ್ಕಂಡು ಬಾರಪ್ಪ ಅಂತ ಹೇಳಿದ್ದೆ. ತೊಳೆದೇ ತಂದೀನಿ ಅಂದ."

ಮರುದಿನ ಬೆಳಿಗ್ಗೆ ಚಿತ್ರಲಿಂಗಪ್ಪ ಎಲ್ಲರನ್ನೂ ಆ ಹೊಲಕ್ಕೇ ಕರೆಸಿದರು. ರಂಗೇಶನಿಗೆ ಮಣ್ಣು ಪುಡಿ ಮಾಡುವ ಆ ಬ್ಲೇಡಿನ ಯಂತ್ರವನ್ನೂ ತರಲು ಹೇಳಿದ್ದರು. ಊರಿನ ಇನ್ನೊಬ್ಬ ರೈತ ಮುರುಗಪ್ಪನೂ ಬಂದಿದ್ದ. ಎತ್ತಪ್ಪ ಕಂಬಳಿ ಹೊದ್ದು ದೂರ ನಿಂತಿದ್ದ.

"ಕುರಿ ತಂದಿದ್ರೆ ಕುರಿ ಮಲಗಿದ ಕಡೆ ಜೇಕು ಜಾಸ್ತಿ ಇರಬೇಕಿತ್ತು," ಎಂದರು ಚಿತ್ರಲಿಂಗಪ್ಪ. "ಇಲ್ಲಿ ಗೇಟಿನ ಹತ್ರ ಒತ್ತಾಗಿ, ಮುಂದೆ ಹೋದಂಗೆ ಕಮ್ಮಿ ಐತೆ. ಒಳಗೆ ಬಂದಿದ್ದು ಯಾವುದೋ ಉದುರಿಸ್ಕಂಡು ಹೋಗೈತೆ. ಕುರಿ ಗಡ್ಡೇನ ಹಿಂಗೆ ಕೊಯ್ಯಲ್ಲ, ಬ್ಲೇಡು ಕೊಯ್ಯುತ್ತೆ. ಕರೀ ಮಣ್ಣು ಇಲ್ಲಿದಲ್ಲ. ಮುರುಗಪ್ಪ, ನಿನ್ನ ಕರೀ ಎರೆ ಹೊಲದ ತುಂಬಾ ಜೇಕು. ಅದನ್ನ ರಂಗೇಶ ಯಾವಾಗ ಹೊಡೆದ?"

"ಅವತ್ತೇ ಸಾರ್. ನಮ್ಮದು ಮುಗಿಸಿ ನೆಟ್ಟಗೆ ಇಲ್ಲಿಗೇ ಬಂದ."

ಚಿತ್ರಲಿಂಗಪ್ಪ ರೋಟಾವೇಟರಿನ ತಗಡಿನ ಒಳಗೆ ಕೋಲು ಹಾಕಿ ಕೆದಕಿದರು. ಒಣಗಿದ ಕರೀ ಮಣ್ಣಿನ ಮುದ್ದೆಯೊಂದು ದೊಪ್ಪನೆ ಬಿತ್ತು. ಒಡೆದರೆ ಒಳಗೆ ಜೇಕಿನ ಗಡ್ಡೆ.

"ತೊಳೆಯಕ್ಕೆ ಹೊತ್ತಿರಲಿಲ್ಲ ಸಾರ್," ಎಂದ ರಂಗೇಶ.

ಮಂಜಣ್ಣನಿಗೆ ತಡೆಯಲಾಗಲಿಲ್ಲ. "ತೊಳೆಯಕ್ಕೆ ಹೊತ್ತಿಲ್ಲ. ಮನೆ ಮನೆ ತಿರುಗಿ ಎತ್ತಪ್ಪನ ಹೆಸರು ಕೆಡಿಸಕ್ಕೆ ಹೊತ್ತಿತ್ತಾ? ನಾಚಿಕೆ ಆಗಲ್ವೇನಲೇ?"

ರಂಗೇಶ ತಲೆ ತಗ್ಗಿಸಿದ. ಕಾಳಕ್ಕ ಎತ್ತಪ್ಪನ ಮುಂದೆ ಹೋಗಿ ನಿಂತಳು. "ಬಾಯಿಗೆ ಬಂದಂಗೆ ಬೈದ್ಬಿಟ್ಟೆ ಕಣಪ್ಪ. ತಪ್ಪಾತು. ಮತ್ತೆ ಮಂದೆ ಹಾಕ್ತೀಯಾ?"

 ಎತ್ತಪ್ಪ ಬದುವಿನ ಮೇಲಿದ್ದ, ಕಾಳಕ್ಕ ಕಳೆ ಕೀಳುವ ಕುರ್ಚಿಗೆಯನ್ನು ಎತ್ತಿ ರಂಗೇಶನ ಕೈಗೆ ಕೊಟ್ಟ.

"ಹಾಕ್ತೀನಿ ಅಕ್ಕ. ಇವನು ಕೂತು ಕಡೇ ಗಡ್ಡೆ ಕಿತ್ತ ದಿನ ಹೇಳಿ ಕಳಿಸ್ರಿ."