ಬಣ್ಣದಜ್ಜಿಯ ಕೊನೆಯ ಗೋಡೆ

"ಕೈ ತೆಗೀರಿ! ಮೊದಲು ಆ ಕೈ ತೆಗೀರಿ ಅಂದೆ!"

ಮಕ್ಕಳ ವಾರ್ಡಿನ ಉದ್ದನೆಯ ಓಣಿಯಲ್ಲಿ ಅವಳ ದನಿ ಮಾರ್ದನಿಸಿತು. ಏಣಿಯ ಮೇಲಿದ್ದವನು ಬೆಚ್ಚಿ ತಿರುಗಿದ. ಬ್ರಷ್ಷಿನಿಂದ ಜಾರಿದ ನೀಲಿ ಹನಿಯೊಂದು ಅವನ ಮೊಣಕೈವರೆಗೂ ಇಳಿಯಿತು.

ಅಜ್ಜಿ ತೀರಿಕೊಂಡು ಇನ್ನೂ ವಾರವಾಗಿರಲಿಲ್ಲ. ಅಜ್ಜಿ ಬರೆದ ಕೊನೆಯ ಚಿತ್ರವನ್ನು ಒಬ್ಬಳೇ ನಿಂತು ಕಣ್ತುಂಬ ನೋಡಬೇಕೆಂದು ಬಂದಿದ್ದಳು ಅವಳು. ಬಂದರೆ... ಯಾರೋ ಅಪರಿಚಿತ, ಅಜ್ಜಿಯ ಗೋಡೆಯ ಮೇಲೆ ರಾಜಾರೋಷವಾಗಿ ಬಣ್ಣ ಬಳಿಯುತ್ತಿದ್ದಾನೆ!

"ಯಾರು ನೀವು? ಇದು ನಮ್ಮಜ್ಜಿಯ ಚಿತ್ರ ಅಂತ ಗೊತ್ತಿದೆಯಾ?"

"ಗೊತ್ತು," ಎಂದ ಅವನು ಮೆಲ್ಲಗೆ. ಏಣಿಯಿಂದ ಇಳಿದ. ನಲವತ್ತರ ಆಸುಪಾಸು. ನಿದ್ದೆಯಿಲ್ಲದ ಕಣ್ಣು.

ಅವಳು ಅವನನ್ನು ದಾಟಿ ಗೋಡೆಯನ್ನು ನೋಡಿದಳು. ಅಗಲವಾದ ಹೊಳೆ. ಹೊಳೆಯ ತುಂಬ ದೋಣಿಗಳು. ಕಾಲಿಗೆ ಪಟ್ಟಿ ಕಟ್ಟಿಕೊಂಡ ಜಿರಾಫೆ, ಬಾಯಲ್ಲಿ ಥರ್ಮಾಮೀಟರ್ ಇಟ್ಟುಕೊಂಡ ಕರಡಿ, ಸೂಜಿ ಕಂಡು ಕಣ್ಣು ಮುಚ್ಚಿಕೊಂಡ ಆನೆ. ನೋಡುತ್ತ ನೋಡುತ್ತ ಅವಳ ಎದೆಯಲ್ಲಿ ಏನೋ ಚುಚ್ಚಿತು.

ಇದು ಅಜ್ಜಿಯ ಕೈಯಲ್ಲ!

ಕೃತಕ ಹಲ್ಲು ತಯಾರಿಸುವುದು ಅವಳ ಕಸುಬು. ಒಂದು ಹಲ್ಲಿನ ಬಿಳುಪಿಗೂ ಪಕ್ಕದ ಹಲ್ಲಿನ ಬಿಳುಪಿಗೂ ಇರುವ ಕೂದಲೆಳೆಯಷ್ಟು ವ್ಯತ್ಯಾಸ ಹಿಡಿಯುವ ಕಣ್ಣು ಅದು. ಇನ್ನು ಸಾಕಿ ಬೆಳೆಸಿದ ಅಜ್ಜಿಯ ಗೆರೆ ತಿಳಿಯದೇ?

"ನಮ್ಮಜ್ಜಿ ಎಡಚಿ. ಅವಳ ಗೆರೆಯೆಲ್ಲ ಎಡಕ್ಕೆ ವಾಲುತ್ತೆ. ಇಲ್ಲಿ ಒಂದು ಗೆರೆಯಾದರೂ ಹಾಗಿದೆಯಾ? ಕೆಳಗೆ ಮಾತ್ರ ಅವಳ ಸಹಿ... ಅದೂ ಸೊಟ್ಟಂಪಟ್ಟ! ಇದೆಲ್ಲ ಬರೆದಿದ್ದು ನೀವು, ಅಲ್ವಾ?"

ಅವನು ತಲೆ ತಗ್ಗಿಸಿದ. "ಹೌದು."

"ಅಬ್ಬಾ, ನಾಚಿಕೆಯಾದರೂ ಇದೆಯಾ? ವಯಸ್ಸಾದವಳ ಹೆಸರನ್ನ ಏಣಿ ಮಾಡ್ಕೊಂಡು ಮೇಲೆ ಹತ್ತೋಕೆ ಹೊರಟ್ರಾ? ಭಾನುವಾರ ನೆನಪಿನ ಸಭೆ ಇದೆ. ಎಲ್ಲರೆದುರು ಹೇಳ್ತೀನಿ. ನೋಡ್ತಾ ಇರಿ!"

ಅವನು ಬ್ರಷ್ ತೊಳೆದು, ಏಣಿ ಮಡಚಿಕೊಂಡು ಹೊರಟುಹೋದ.

ತಪ್ಪಿಲ್ಲದಿದ್ದರೆ ಸುಮ್ಮನೆ ಹೋಗುತ್ತಿದ್ದನೇ?... ಅವಳು ಹಲ್ಲು ಕಚ್ಚಿ ಅಳು ತಡೆದಳು.

ಅಜ್ಜಿ ಊರಿಗೆಲ್ಲ ಬಣ್ಣದಜ್ಜಿ. ತೊಂಬತ್ತರ ಹೊಸ್ತಿಲಲ್ಲಿ ಹೋದಳು. ಅಷ್ಟು ಉದ್ದದ ಬದುಕಿನಲ್ಲಿ ಕೈ ಖಾಲಿ ಬಿಟ್ಟುಕೊಂಡು ಕೂತವಳಲ್ಲ. ಹವ್ಯಾಸಿ ನಾಟಕ ತಂಡಕ್ಕೆ ಪರದೆ ಬರೆದಳು, ಹಾರ್ಮೋನಿಯಂ ನುಡಿಸಿದಳು, ಪಾತ್ರಧಾರಿ ಕೈಕೊಟ್ಟ ದಿನ ಮೀಸೆ ಅಂಟಿಸಿಕೊಂಡು ರಾಜನೂ ಆದಳು. ಹಳೇ ಸಾಕ್ಸಿನಲ್ಲಿ ಗೊಂಬೆ ಹೊಲಿದು ಆಸ್ಪತ್ರೆಯ ಮಕ್ಕಳನ್ನು ನಗಿಸಿದಳು. ಹಾಸಿಗೆ ಹಿಡಿದವರ ಮನೆಗೆ ಹೋಗಿ ಕೂದಲು ಕತ್ತರಿಸಿದಳು. ದಿಕ್ಕಿಲ್ಲದೆ ಸತ್ತವರ ಪಕ್ಕದಲ್ಲಿ, ಯಾರೂ ಬಾರದಿದ್ದರೆ, ತಾನೇ ಕೂತು ಬೀಳ್ಕೊಟ್ಟಳು.

"ಇದೆಲ್ಲ ಯಾಕಜ್ಜಿ?" ಎಂದು ಕೇಳಿದರೆ, "ಸುಮ್ನೆ ಕೂತ್ರೆ ಮಂಡಿ ನೋವು ಕಣೇ," ಎನ್ನುತ್ತಿದ್ದಳು.

ಮಗಳು ಕಾಯಿಲೆ ಬಿದ್ದಾಗ ಮೊಮ್ಮಗಳು ಓದು ಬಿಟ್ಟು ಅಮ್ಮನ ಸೇವೆಗೆ ನಿಂತಳು. ಅಮ್ಮ ಉಳಿಯಲಿಲ್ಲ. ಆಮೇಲೆ ಅಜ್ಜಿಯೇ ಬೆನ್ನು ಹತ್ತಿ ಅವಳಿಗೆ ಹಲ್ಲಿನ ಕೆಲಸ ಕಲಿಯಲು ಹಚ್ಚಿ ಬೇರೆ ಊರಿಗೆ ಕಳಿಸಿದ್ದಳು. ಮೊಮ್ಮಗಳು ಮಾಡಿಕೊಟ್ಟ ಹಲ್ಲುಸೆಟ್ಟನ್ನು ಹಾಕಿಕೊಂಡು ಅಜ್ಜಿ ದಾರಿಯಲ್ಲಿ ಸಿಕ್ಕವರಿಗೆಲ್ಲ 'ಈ' ಎಂದು ಹಲ್ಲು ಕಿಸಿಯುತ್ತ ತೋರಿಸಿದ್ದೇ ತೋರಿಸಿದ್ದು!

ಇತ್ತೀಚೆಗೆ ಮೊಮ್ಮಗಳು ಸ್ವಂತ ಹಲ್ಲಿನ ಲ್ಯಾಬ್ ತೆರೆದಿದ್ದಳು. ಬರುತ್ತೇನೆ, ಮುಂದಿನ ತಿಂಗಳು ಬರುತ್ತೇನೆ ಎನ್ನುತ್ತಲೇ ವರ್ಷದ ಮೇಲಾಯಿತು. ಪ್ರತಿ ಭಾನುವಾರದ ವಿಡಿಯೋ ಕರೆ ಮಾತ್ರ ತಪ್ಪಿರಲಿಲ್ಲ.

ಅಷ್ಟು ಸಾಕಿತ್ತಾ?... ಸಾಕಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು.

ನೆನಪಿನ ಸಭೆಗೆ ಸಮುದಾಯ ಭವನ ತುಂಬಿತ್ತು. ಕುರ್ಚಿ ಸಾಲದೆ ಜನ ಕಿಟಕಿಗೆ ಒರಗಿ ನಿಂತಿದ್ದರು. ಅವನು ಕೊನೆಯ ಸಾಲಿನಲ್ಲಿ, ಬಾಗಿಲ ಹತ್ತಿರ ಕೂತಿದ್ದ. ಅವಳು ಅವನನ್ನು ನೋಡಿಯೂ ನೋಡದಂತೆ ಮುಖ ತಿರುಗಿಸಿದಳು. ಏನೇನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದಳು.

ಅವಳ ಸರದಿಗೆ ಮೊದಲು ಮಕ್ಕಳ ವಾರ್ಡಿನ ಹಿರಿಯ ನರ್ಸ್ ಎದ್ದರು.

"ಅಜ್ಜಿ ಬಗ್ಗೆ ನಾನೇನು ಹೇಳಲಿ... ಕಣ್ಣು ಪೂರ್ತಿ ಹೋದ ಮೇಲೂ ವಾರ್ಡಿಗೆ ಬರೋದು ಬಿಡಲಿಲ್ಲ ನೋಡಿ! ಗೋಡೆ ಮುಂದೆ ಸ್ಟೂಲ್ ಹಾಕ್ಕೊಂಡು ಕೂತು, 'ಇಲ್ಲೊಂದು ಕರಡಿ ಬರಲಿ, ಹೊಟ್ಟೆ ಇನ್ನೂ ದಪ್ಪ ಇರಲಿ' ಅಂತ ಹೇಳೋರು. ನಮ್ಮ ಕಸರತ್ತು ಮೇಷ್ಟ್ರು, ಅದೇ ಫಿಸಿಯೋಥೆರಪಿಯವರು, ಅಗೋ ಬಾಗಿಲ ಹತ್ತಿರ ಕೂತಿದ್ದಾರಲ್ಲ, ಇವರು ಬರೆಯೋರು. ಇವರು ಅಜ್ಜಿಗೆ ಕೈಯಾಗಿದ್ರು, ಉಳಿದ ಚೂರನ್ನ ಈಗಲೂ ಇವರೇ ಮುಗಿಸ್ತಿದ್ದಾರೆ. 'ಅಜ್ಜಿ, ಚಿತ್ರ ನಿಮ್ಮದು' ಅಂತ ಇವರೇ ಬಲವಂತ ಮಾಡಿ ಸಹಿ ಹಾಕಿಸಿದ್ರು."

ಅವಳ ಕಿವಿಯಲ್ಲಿ ಗುಂಯ್ ಎಂದಿತು.

ಕಣ್ಣು... ಹೋಗಿತ್ತಾ?

ಸುತ್ತ ನೋಡಿದಳು. ಎಲ್ಲರೂ ತಲೆಯಾಡಿಸುತ್ತಿದ್ದರು. ಎಲ್ಲರಿಗೂ ಗೊತ್ತಿತ್ತು. ಅವಳೊಬ್ಬಳನ್ನು ಬಿಟ್ಟು!

"ಈಗ ಮೊಮ್ಮಗಳು ಎರಡು ಮಾತು..." ಎಂದು ಯಾರೋ ಕರೆದರು. ಅವಳು ಎದ್ದಳು. ವೇದಿಕೆಯ ಕಡೆಗೆ ಹೋಗಬೇಕಾದವಳು ಹಿಂಬಾಗಿಲಿನಿಂದ ಹೊರಗೋಡಿದಳು.

ಭವನದ ಹಿಂದೆ, ನೀರಿನ ಟ್ಯಾಂಕಿನ ಪಕ್ಕ ಅವನು ಅವಳನ್ನು ಕಂಡ. ಸ್ವಲ್ಪ ದೂರದಲ್ಲೇ ನಿಂತ.

"ನನಗ್ಯಾಕೆ ಹೇಳಲಿಲ್ಲ?" ಅವಳು ಅವನತ್ತ ತಿರುಗಿದಳು. "ನೀವಾದರೂ ಹೇಳಬಹುದಿತ್ತಲ್ಲ!"

"ಅಜ್ಜಿ ಮಾತು ತಗೊಂಡಿದ್ರು. 'ಒಂದು ಸಲ ಅವಳಮ್ಮನಿಗೋಸ್ಕರ ಓದು ಬಿಟ್ಟಳು. ಈಗ ನನ್ನ ಕಣ್ಣಿಗೋಸ್ಕರ ಲ್ಯಾಬ್ ಮುಚ್ಚಿ ಬಂದು ಕೂರ್ತಾಳೆ. ಅದು ಆಗಬಾರದು' ಅಂದ್ರು."

"ಸುಳ್ಳು! ಪ್ರತಿ ಭಾನುವಾರ ಅಜ್ಜಿ ನನ್ನ ನೋಡ್ತಿದ್ದಳು. 'ಹಸಿರು ಬಟ್ಟೆ ಒಪ್ಪುತ್ತೆ' ಅಂದಳು, 'ಕಣ್ಣ ಕೆಳಗೆ ಕಪ್ಪಾಗಿದೆ' ಅಂದಳು..."

ಅವನು ಕಣ್ಣೆತ್ತಲಿಲ್ಲ. "ಮಧ್ಯೆ ಕೆಮ್ಮು ಬಂತು, ನೀರು ಕುಡೀತೀನಿ ಅಂತ ಮುಖ ಆ ಕಡೆ ಮಾಡ್ತಿದ್ರಲ್ಲ... ಆಗ ನಾನು ಕಿವೀಲಿ ಹೇಳ್ತಿದ್ದೆ. ನೀವು ಹೇಗೆ ಕಾಣ್ತಿದ್ದೀರಿ ಅಂತ. ಫೋನ್ ಹಿಡ್ಕೊಂಡು ಕೂರ್ತಿದ್ದವನು ನಾನೇ."

ಅಷ್ಟು ಭಾನುವಾರಗಳು! ಅಜ್ಜಿಯೆದುರು ಮಾತ್ರ ಬಿಚ್ಚುತ್ತಿದ್ದ ಮುಖವನ್ನು ಅಷ್ಟು ಭಾನುವಾರ ಈ ಪರಪುರುಷ ನೋಡಿದ್ದ!

"ಅಂದ್ರೆ... ನನ್ನನ್ನ ಕದ್ದು ನೋಡ್ತಿದ್ರಿ."

"ಹೌದು. ಅದು ತಪ್ಪೇ. ಕ್ಷಮಿಸಿ."

"ಇನ್ನು ಯಾವತ್ತೂ ನನ್ನ ಕಣ್ಣಿಗೆ ಬೀಳಬೇಡಿ!"

ಮರುದಿನವೇ ಅವಳು ತನ್ನೂರಿಗೆ ಹೊರಟಳು.

ಲ್ಯಾಬಿನಲ್ಲಿ ಕೆಲಸ ಬೆಟ್ಟದಷ್ಟು ಬಿದ್ದಿತ್ತು. ಕೈ ಓಡುತ್ತಿರಲಿಲ್ಲ. ಭಾನುವಾರ ಬಂತೆಂದರೆ ಫೋನಿನತ್ತ ಕೈ ಹೋಗುತ್ತಿತ್ತು. ನೆನಪಾಗುತ್ತಿತ್ತು. ಕೈ ಹಿಂದೆ ಬರುತ್ತಿತ್ತು. ಹೊರಗೆ ಪಕ್ಕದ ಮನೆಯವರ ನಗು ಕೇಳಿದರೂ ಎದೆಯ ಮೇಲೆ ಕಲ್ಲಿಟ್ಟ ಹಾಗಾಗುತ್ತಿತ್ತು.

ಒಂದು ಸಂಜೆ ಇದ್ದಕ್ಕಿದ್ದಂತೆ ಹಳೆಯದೊಂದು ಭಾನುವಾರ ನೆನಪಿಗೆ ಬಂತು. ಅಂದು ಮುಂಗಡ ಹಣ ಪಡೆದ ಕೆಲಸವೆಲ್ಲ ಕೆಟ್ಟು, ಬಾತ್‌ರೂಮಿನಲ್ಲಿ ಅತ್ತು, ಮುಖ ತೊಳೆದು, ಪೌಡರ್ ಹಚ್ಚಿ ಕರೆ ಮಾಡಿದ್ದಳು. ಜೊತೆಯಲ್ಲಿ ಕೆಲಸ ಮಾಡುವ ಒಬ್ಬರಿಗೂ ತಿಳಿದಿರಲಿಲ್ಲ.

"ಯಾಕೇ ಪುಟ್ಟಿ, ಅತ್ತಿದ್ದೀಯಾ?" ಎಂದಿದ್ದಳು ಅಜ್ಜಿ. ನೀರು ಕುಡಿದು ಬಂದ ಮೇಲೆ.

ಕಣ್ಣಿಲ್ಲದ ಅಜ್ಜಿಗೆ ಅದು ಕಂಡಿದ್ದಲ್ಲ...

ಆ ಸಂಜೆ ಅವಳಿಗೆ ಸಿಟ್ಟು ಬರಲಿಲ್ಲ. ಯಾಕೆಂದು ತನ್ನನ್ನೇ ಕೇಳಿಕೊಳ್ಳಲು ಧೈರ್ಯವೂ ಬರಲಿಲ್ಲ.

ಭವನದ ಹಿಂದಿನ ಎರಡು ಕೋಣೆಗಳಲ್ಲೇ ಅಜ್ಜಿ ಬಾಡಿಗೆಗಿದ್ದಳು. ಕಳೆದ ಸಲ ಒಳಗೆ ಕಾಲಿಡಲು ಮನಸ್ಸಾಗದೆ ಮೊಮ್ಮಗಳು ಲಾಡ್ಜಿನಲ್ಲಿ ಉಳಿದಿದ್ದಳು. ಆ ಕೋಣೆಗಳನ್ನು ತೆರವು ಮಾಡಿಕೊಡಬೇಕಿತ್ತು. ತಿಂಗಳ ಕೊನೆಗೆ ಅವಳು ಮತ್ತೆ ಬಂದಳು.

ಒಂಟಿಯಾಗಿ ಎಷ್ಟನ್ನು ಎತ್ತುವುದು? ಒಣಗಿದ ಬಣ್ಣದ ಡಬ್ಬಿಗಳು, ಅರ್ಧ ಹೊಲಿದ ಗೊಂಬೆಗಳು, ಕತ್ತರಿ, ಮಡಚಿಟ್ಟ ಪರದೆ, ಉಸಿರು ಸೋರುವ ಹಾರ್ಮೋನಿಯಂ. ಮಂಚದಿಂದ ಬಾಗಿಲವರೆಗೆ ಗೋಡೆಯುದ್ದಕ್ಕೂ ಹಗ್ಗ ಕಟ್ಟಿತ್ತು. ಅಜ್ಜಿ ಹಿಡಿದು ನಡೆಯುತ್ತಿದ್ದ ಹಗ್ಗ. ಅವಳೂ ಅದನ್ನು ಹಿಡಿದು ಎರಡು ಹೆಜ್ಜೆ ನಡೆದಳು. ಅಲ್ಲೇ ನೆಲದ ಮೇಲೆ ಕುಸಿದಳು.

ಸ್ವಲ್ಪ ಹೊತ್ತಿಗೆ ಹೊರಗೆ ಹೆಜ್ಜೆ ಸಪ್ಪಳ.

"ನಾನು... ನರ್ಸಮ್ಮ ಕಳಿಸಿದ್ರು. ಭಾರದ ಸಾಮಾನು ಇದೆ ಅಂದ್ರು. ಬೇಡ ಅಂದ್ರೆ ಹೋಗ್ತೀನಿ."

ಬಾಗಿಲಲ್ಲಿ ಅವನೇ. ಹೊಸ್ತಿಲು ದಾಟಿರಲಿಲ್ಲ.

"ಬನ್ನಿ," ಎಂದಳು ಅವಳು. ಕಣ್ಣೊರೆಸಿಕೊಳ್ಳಲಿಲ್ಲ. "ಆವತ್ತು ವಾರ್ಡಲ್ಲಿ ಹಾಗೆಲ್ಲ ಅಂದೆ... ಅದು ನನ್ನ ತಪ್ಪು."

"ನಿಮ್ಮ ಜಾಗದಲ್ಲಿ ನಾನಿದ್ರೂ ಹಾಗೇ ಅಂತಿದ್ದೆ."

ಇಬ್ಬರೂ ಪೆಟ್ಟಿಗೆ ತುಂಬತೊಡಗಿದರು. ಅವನು ಗೊಂಬೆಗಳನ್ನು ಎಳೆಗೂಸಿನಂತೆ ಎತ್ತಿಡುತ್ತಿದ್ದ.

"ಅಜ್ಜಿ ನಿಮಗೆ ಹೇಗೆ ಗುರುತು?"

"ಅವರ ಮಣಿಕಟ್ಟು ಮುರಿದಿತ್ತಲ್ಲ, ಆಗ ವ್ಯಾಯಾಮ ಹೇಳಿಕೊಟ್ಟೆ. ಫೀಸು ಬೇಡ ಅಂದೆ. 'ಹಾಗಾದ್ರೆ ಭಾನುವಾರ ಬಾ, ಮಕ್ಕಳ ನಾಟಕದಲ್ಲಿ ಆನೆಯ ಹಿಂಗಾಲಿಗೆ ಜನ ಇಲ್ಲ' ಅಂದ್ರು." ಅವನ ತುಟಿಯಂಚು ಸ್ವಲ್ಪ ಅರಳಿತು. "ಹೆಂಡತಿ ಬಿಟ್ಟುಹೋಗಿ ಎರಡು ವರ್ಷ ಆಗಿತ್ತು. ಆಸ್ಪತ್ರೆ ಬಿಟ್ರೆ ಮನೆ, ಮನೆ ಬಿಟ್ರೆ ಆಸ್ಪತ್ರೆ. ಆನೆಯ ಹಿಂಗಾಲಾದ ಮೇಲೆ ಬದುಕು ಸ್ವಲ್ಪ ಮುಂದಕ್ಕೆ ಹೋಯ್ತು."

ಅವಳಿಗೆ ನಗು ಬಂತು. ನಗುವಿನ ಬಾಲ ಹಿಡಿದೇ ಅಳು.

"ಒಂದು ಕೇಳ್ತೀನಿ. ಎಲ್ಲರೂ 'ಅಜ್ಜಿ ನಗುನಗ್ತಾ ಹೋದ್ರು' ಅಂತಾರೆ. ಕೊನೆಗೆ ಹತ್ತಿರ ಇದ್ದವರು ನೀವೇ ಅಂತೆ. ನಿಜ ಹೇಳಿ... ನಗ್ತಾ ಹೋದಳಾ?"

ಅವನು ಪೆಟ್ಟಿಗೆಯ ಮುಚ್ಚಳ ಮುಚ್ಚಿದ. ಹೌದು ಎಂದುಬಿಡಬಹುದಿತ್ತು. ಒಂದೇ ಮಾತು.

"ಇಲ್ಲ. ಹೆದರಿದ್ರು."

ಅವಳು ಕೈಯಲ್ಲಿದ್ದ ಗೊಂಬೆಯನ್ನು ಕೆಳಗಿಟ್ಟಳು.

"ಬೆಳಗ್ಗೆ ಉಸಿರಾಟ ಕಷ್ಟ ಆಯ್ತು. ನಿಮಗೆ ಫೋನ್ ಮಾಡಿದೆ, ಸಿಗಲಿಲ್ಲ. ನನ್ನ ಕೈ ಗಟ್ಟಿಯಾಗಿ ಹಿಡ್ಕೊಂಡ್ರು. 'ಕತ್ತಲೆ ಅಭ್ಯಾಸ ಆಗಿದೆ ಅಂದ್ಕೊಂಡಿದ್ದೆ ಕಣೋ, ಇದು ಬೇರೆ ಕತ್ತಲೆ' ಅಂದ್ರು. ಆಮೇಲೆ, 'ನನ್ನ ಪುಟ್ಟಿ ಮುಖ ಹೇಗಿದೆ ಹೇಳು' ಅಂದ್ರು. ಹೇಳ್ತಾ ಹೋದೆ. ನಡುಕ ಕಮ್ಮಿ ಆಯ್ತು. ಹೇಳ್ತಾ ಇರೋವಾಗ್ಲೇ... ಕೈ ಸಡಿಲ ಆಯ್ತು."

ಆಗ ಅವಳು ಅತ್ತಳು. ಅಜ್ಜಿ ಹೋದಂದಿನಿಂದ ಒಳಗೇ ಕಟ್ಟಿಕೊಂಡಿದ್ದೆಲ್ಲ ಒಡೆದು ಬಂತು. ಅವನು ಸಮಾಧಾನ ಹೇಳಲಿಲ್ಲ, ಮುಟ್ಟಲಿಲ್ಲ. ಅವಳೆದುರು ನೆಲದ ಮೇಲೆ ಕೂತ, ಅಷ್ಟೇ. ಅವನ ಕಣ್ಣೂ ಒದ್ದೆಯಾಗಿತ್ತು.

ಎಲ್ಲರೂ ತನಗೆ ಸಕ್ಕರೆಯಲ್ಲಿ ಅದ್ದಿದ ಮಾತು ಕೊಟ್ಟರು. ನಿಜ ಕೊಟ್ಟವನು ಇವನೊಬ್ಬನೇ...

ಅಳು ಇಳಿದ ಮೇಲೆ ಕೇಳಿದಳು. "ಏನಂತ ಹೇಳಿದ್ರಿ?"

"ಏನು?"

"ನನ್ನ ಮುಖ. ಹೇಗಿದೆ ಅಂತ ಹೇಳಿದ್ರಿ?"

ಅವನು ಗಲಿಬಿಲಿಗೊಂಡ. "ಅದು ಅಜ್ಜಿಗೆ ಹೇಳಿದ್ದು. ನಿಮ್ಮೆದುರು ಹೇಳಿದ್ರೆ ಅದಕ್ಕೆ ಬೇರೆ ಅರ್ಥ ಬರುತ್ತೆ."

"ಬರಲಿ."

ಹೊರಗೆ ಯಾರೋ ಸೈಕಲ್ ಗಂಟೆ ಬಾರಿಸುತ್ತ ಹೋದರು.

"ನಗೋ ಮುಂಚೆ ಎಡಗಡೆ ಹುಬ್ಬು ಒಂಚೂರು ಏರುತ್ತೆ ಅಂದೆ," ಎಂದ ಅವನು ನೆಲ ನೋಡುತ್ತ. "ಸುಳ್ಳು ಹೇಳುವಾಗ ಕೂದಲನ್ನ ಕಿವಿ ಹಿಂದೆ ಸರಿಸ್ತಾರೆ, 'ಊಟ ಆಯ್ತಜ್ಜಿ' ಅನ್ನುವಾಗೆಲ್ಲ ಸರಿಸ್ತಾರೆ ಅಂದೆ. ಮಾತು ಮುಗಿದ ಮೇಲೂ ಫೋನ್ ಕೆಳಗಿಡದೆ ಒಂದು ಗಳಿಗೆ ನೋಡ್ತಾನೇ ಇರ್ತಾರೆ... ಆ ಒಂದು ಗಳಿಗೆ ನನ್ನ ವಾರವನ್ನೆಲ್ಲ ದಾಟಿಸುತ್ತೆ ಅಂತಲೂ ಅಂದೆ."

ಅವಳ ಕೈ ಕಿವಿಯತ್ತ ಹೋಗಿ ಅರ್ಧದಲ್ಲೇ ನಿಂತಿತು. "ಅಜ್ಜಿ... ಏನಂದಳು?"

"ಆವತ್ತು ಏನೂ ಅನ್ನಲಿಲ್ಲ. ಹಿಂದೆ ಒಂದು ಸಲ, 'ಏನೋ ಮೇಷ್ಟ್ರೇ, ನನ್ನ ಮೊಮ್ಮಗಳ ವರ್ಣನೆ ವಾರ ವಾರಕ್ಕೂ ಉದ್ದ ಆಗ್ತಿದೆಯಲ್ಲ!' ಅಂತ ಕಿವಿ ಹಿಂಡಿದ್ರು."

ಅವಳು ಮುಖ ಮುಚ್ಚಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ತಿಳಿಯಲಿಲ್ಲ.

"ಕದ್ದು ನೋಡಿದ್ದು ತಪ್ಪು," ಎಂದಳು ಕೊನೆಗೆ.

"ಗೊತ್ತು."

"ಇನ್ನು ಮೇಲೆ ಎದುರಿಗೇ ಕೂತು ನೋಡಬೇಕು."

ಅವನು ತಲೆಯೆತ್ತಿದ. ಮೊದಲ ಸಲ ಅವಳ ಕಣ್ಣಲ್ಲಿ ಕಣ್ಣಿಟ್ಟ.

"ನನಗೆ ದುಃಖ ಇನ್ನೂ ತುಂಬ ಇದೆ," ಎಂದಳು ಅವಳು. "ಬೇಗ ಹೋಗೋದಲ್ಲ ಅದು. ನನ್ನ ಜೊತೆ ಇರೋದು ಸುಲಭ ಆಗಲ್ಲ, ನಿಮಗೆ..."

"ನನಗೂ ಇದೆ. ಇಬ್ಬರೂ ಸೇರಿ ಹೊರೋಣ." ಅವನು ತಡವರಿಸಿದ. "ಒಂದು ಮಾತು. ಈ 'ನೀವು' ಅನ್ನೋದು... ಬಿಡಬಹುದಾ?"

ಅವಳು ಬಣ್ಣ ಹತ್ತಿದ್ದ ಅವನ ಬೆರಳುಗಳ ಮೇಲೆ ತನ್ನ ಕೈಯಿಟ್ಟಳು.

"ಮೊದಲು ನೀನು ಬಿಡು."