ಖಾಲಿ ಗೆರೆಯಲ್ಲಿ ಎದ್ದ ಗುಡ್ಡ

ಕ್ಲಿಕ್!

ಬೆನ್ನ ಹಿಂದೆ ಬಾಗಿಲು ಲಾಕ್ ಆಯಿತು.

ಅದು ತೆರೆಯಬೇಕಾದರೆ ಕಾರ್ಡ್ ಬೇಕು. ಕಾರ್ಡ್ ಇದ್ದದ್ದು ಇಬ್ಬರ ಬಳಿ. ಒಬ್ಬ ಮಂಥನ್... ಗುಜರಾತಿನ ವಟ್ವಾದ ಈ ಮಾತ್ರೆ ಕಾರ್ಖಾನೆಯ ಮಾಲೀಕ. ಇನ್ನೊಬ್ಬ ಬಾಗಿಲಿಗೆ ಒರಗಿ ನಿಂತ ಸೆಕ್ಯೂರಿಟಿಯವನು. ಡೀಡೀ ಎಂದು ಕರೆಯುತ್ತಿದ್ದರು. ಬೀರುವಿನಷ್ಟು ಎತ್ತರ. ಬೀರುವಿನಷ್ಟೇ ಮಾತು.

ಕಿಟಕಿ ಇಲ್ಲ. ಫೋನುಗಳು ಗೇಟಿನಲ್ಲೇ ಜಮಾ. ಲ್ಯಾಬಿನೊಳಗೆ ಫೋನ್ ತರಬಾರದಂತೆ... ರೂಲ್ಸು! ಮನುಷ್ಯರನ್ನು ಕೂಡಿಹಾಕಬಾರದು ಅಂತ ಮಾತ್ರ ಎಲ್ಲೂ ಬರೆದಿರಲಿಲ್ಲ.

“ಒಂದೇ ಬೆರಳು, ಮೇದಿನಿಬೇನ್,” ಎಂದ ಮಂಥನ್, ಹಿಂದಿಯಲ್ಲಿ. ದನಿಯಲ್ಲಿ ಜಿಲೇಬಿಯ ಪಾಕ. “ಈ ಸ್ಕ್ಯಾನರಿನ ಮೇಲೆ ಒತ್ತಿ. ರಿಪೋರ್ಟ್ ಪಾಸ್. ನೀವು ಮಣಿನಗರದ ಮನೆಗೆ, ಮಾಲು ಮಾರ್ಕೆಟ್ಟಿಗೆ.”

“ಒತ್ತದಿದ್ದರೆ?” ನಾನು ಕೇಳಿದೆ.

“ಕಂಪನಿಯ ಡೇಟಾ ಕದ್ದ ಕೇಸು. ಅವರು ಆರೋಪಿ. ನೀವು ಜೊತೆಗಾರ, ಭಾಯ್.”

ನಾನು ಯಾರು ಅಂತೀರಾ? ಪಟ್ಟಾಭಿರಾಮ. ವಡೋದರಾದಲ್ಲಿ ಇನ್ಶೂರೆನ್ಸ್‌ನವರಿಗೆ ಸುಳ್ಳು ಕ್ಲೇಮು ಹಿಡಿದುಕೊಡುವುದು ಕಸುಬು. ಸತ್ತವರು ಐಸ್‌ಕ್ರೀಂ ತಿನ್ನುವುದನ್ನು ಕಣ್ಣಾರೆ ಕಂಡವನು. ಕೆಮಿಸ್ಟ್ರಿಯಲ್ಲಿ ಮಾತ್ರ ಸೊನ್ನೆ!

ಬೆಳಿಗ್ಗೆ ತಿಮ್ಮಪ್ಪ ಫೋನ್ ಮಾಡಿದ್ದ. ಕನ್ನಡ ಸಂಘದ ಗೆಳೆಯ, ರೈಲಿನಲ್ಲಿ ಟಿಟಿ. ಮಗಳು ಮೇದಿನಿ ಈ ಕಾರ್ಖಾನೆಯಲ್ಲಿ ಕೆಮಿಸ್ಟ್.

“ಪಟ್ಟಾಭಿ, ಮೇದಿನಿ ಗೆಳತಿ ಮದುವೆ ಮುಗಿಸ್ಕೊಂಡು ಸೂರತ್‌ನಿಂದ ನನ್ನ ಗಾಡೀಲೇ ಬರ್ತಿದಾಳೆ ಕಣೋ. ಫ್ಯಾಕ್ಟರಿಯವರು ಒಂದೇ ಸಮ ಫೋನು. ಸ್ಟೇಷನ್ನಿಂದ ಸೀದಾ ಬಾ ಅಂತಾರೆ. ನಾನು ಡ್ಯೂಟಿ ಬಿಡೋ ಹಾಗಿಲ್ಲ. ನೀನು ಜೊತೇಲಿ ಹೋಗ್ತೀಯಾ?”

ವಡೋದರಾದಲ್ಲಿ ಹತ್ತಿದೆ. ತಿಮ್ಮಪ್ಪ ಮೊದಲು ನನ್ನ ಟಿಕೆಟ್ ಕೇಳಿದ! ಮಗಳನ್ನೂ ಬಿಟ್ಟಿರಲಿಲ್ಲ. ಸೂರತ್ ದಾಟುತ್ತಲೇ ಅವಳದ್ದನ್ನು ನೋಡಿ, ಕೈಯಲ್ಲಿನ ಮೆಷಿನ್ನಿನಲ್ಲಿ ಹಾಜರಿ ಒತ್ತಿದ್ದನಂತೆ.

ಆ ಹೊತ್ತಿಗೇ ಇಲ್ಲಿ ಮಂಥನ್ ಈ ಬ್ಯಾಚನ್ನು ಟೆಸ್ಟ್ ಮಾಡಿದ್ದ. ಮೇದಿನಿಯ ಹೆಸರಿನಲ್ಲಿ, ಮೇದಿನಿಯ ಪಾಸ್‌ವರ್ಡಿನಲ್ಲಿ. ಕಡಿಮೆ ಇದ್ದದ್ದು ಅವಳ ಬೆರಳೊಂದೇ. ಬಿಪಿ ಮಾತ್ರೆ. ಜನ ವರ್ಷಗಟ್ಟಲೆ ದಿನಾ ನುಂಗುವಂಥದ್ದು. ಒಳಗೆ ಕಲ್ಮಶವಿದ್ದು ನಾಳೆ ಯಾರಿಗಾದರೂ ಕ್ಯಾನ್ಸರ್ ಬಂದರೆ, ಜೈಲಿಗೆ ಹೋಗುವುದೂ ಆ ಬೆರಳೇ!

ಮೇದಿನಿ ಸ್ಕ್ರೀನನ್ನೇ ನೋಡುತ್ತಿದ್ದಳು. ಅಳಲಿಲ್ಲ. ಕಣ್ಣು ಮಾತ್ರ ಸಣ್ಣದಾಯಿತು.

“ಸರ್, ಬೆಳಗಿನ ಟೆಸ್ಟಿಗೆ ಬ್ಲ್ಯಾಂಕ್ ಓಡಿಸಿಲ್ಲ. ಓಡಿಸಿ ಸೈನ್ ಮಾಡ್ತೀನಿ. ಇಲ್ಲಾಂದ್ರೆ ವಡೋದರಾದವರು ರಿಪೋರ್ಟ್ ವಾಪಸ್ ಕಳಿಸ್ತಾರೆ.”

ವಡೋದರಾದವರು ಎಂದರೆ ಈ ಮಾತ್ರೆ ಕೊಳ್ಳುವ ಕಂಪನಿ. ಇಲ್ಲಿ ಗ್ರಾಫ್ ಮೂಡಿದ ಹಾಗೇ ಅಲ್ಕಾಪುರಿಯ ಅವರ ಆಫೀಸಿನಲ್ಲೂ ಮೂಡುತ್ತದೆ. ಅಳಿಸಲು ಬರುವುದಿಲ್ಲ.

“ಬ್ಲ್ಯಾಂಕ್ ಅಂದರೆ?”

“ಬರೀ ಸಾಲ್ವೆಂಟ್ ಸರ್, ಕರಗಿಸೋ ದ್ರವ. ಔಷಧವೇ ಇರಲ್ಲ.”

“ಖಾಲಿ ತಾನೇ? ಓಡಿಸಿ!”

ಮಂಥನ್ ಓದಿದ್ದು ಕಾಮರ್ಸ್.

ಅವನು ಹೋದ. ಡೀಡೀ ಉಳಿದ. ಮೇದಿನಿ ಗುಂಡಿ ಒತ್ತಿದಳು. ಪಂಪ್ ಗುಂಯ್‌ಗುಟ್ಟಿತು. ಸ್ಕ್ರೀನಿನಲ್ಲಿ ಒಂದು ಚಪ್ಪಟೆ ಗೆರೆ ಹೊರಟಿತು.

“ಏನಮ್ಮ ಇದು? ನಿಜವಾಗ್ಲೂ ಸೈನ್ ಮಾಡ್ತೀಯಾ?” ಕನ್ನಡದಲ್ಲಿ ಕೇಳಿದೆ.

ಅವಳು ಮೆಷಿನ್ನಿನ ಬಾಗಿಲು ತೆಗೆದು ತೋರಿಸಿದಳು. ಬೆರಳಿಗಿಂತ ಸ್ವಲ್ಪ ಉದ್ದದ ಸ್ಟೀಲ್ ಕೊಳವೆ.

“ಇದು ಕಾಲಮ್, ಅಂಕಲ್. ಒಳಗೆ ಪೌಡರ್ ಟೈಟಾಗಿ ಪ್ಯಾಕ್ ಆಗಿದೆ. ಸ್ಯಾಂಪಲನ್ನ ಸಾಲ್ವೆಂಟ್ ಪುಶ್ ಮಾಡುತ್ತೆ. ಒಂದೊಂದು ಕೆಮಿಕಲ್ ಒಂದೊಂದು ಟೈಮಿಗೆ ಬಾಹರ್... ಹೊರಗೆ ಬರುತ್ತೆ. ಬಂದಾಗ ಸ್ಕ್ರೀನಲ್ಲಿ ಪೀಕ್. ಛೋಟಾ ಗುಡ್ಡ.” ಹುಟ್ಟಿ ಬೆಳೆದದ್ದೆಲ್ಲ ಇಲ್ಲೇ. ಅವಳ ಕನ್ನಡಕ್ಕೆ ಊರುಗೋಲು ಬೇಕು.

“ಬೆಳಿಗ್ಗೆ ಮಂಥನ್ ಮಾಡಿದ್ದೇನು?”

“ಬ್ಯಾಡ್ ಕೆಮಿಕಲ್ ಲಾಸ್ಟ್ ಬರುತ್ತೆ. ಅದು ಬರೋ ಮೊದಲೇ ಸರ್ ಸ್ಟಾಪ್ ಮಾಡಿದಾರೆ. ಗ್ರಾಫ್ ಕ್ಲೀನ್!”

“ಹಾಗಾದ್ರೆ ಆ ಕೆಟ್ಟದ್ದು ಎಲ್ಲೋಯ್ತು?”

“ಪಂಪ್ ಆನ್ ಇದ್ದಿದ್ರೆ ವಾಶ್ ಆಗಿ ವೇಸ್ಟ್ ಬಾಟಲಿಗೆ. ಬಟ್ ಸರ್ ಕಂಜೂಸ್! ಟೆಸ್ಟ್ ನಿಂತ ತಕ್ಷಣ ಪಂಪ್ ಆಫ್. ನೋಡಿ, ಸಾಲ್ವೆಂಟ್ ಉಳಿಸಿ ಅಂತ ಬೋರ್ಡೇ ಹಾಕಿದಾರೆ.” ಕೊಳವೆಯನ್ನು ಕಣ್ಣಲ್ಲೇ ತೋರಿಸಿದಳು. “ಸೋ, ಅದು ಇನ್ನೂ ಅಲ್ಲೇ ಇದೆ. ಒಳಗೆ ಸಿಕ್ಕಾಕೊಂಡಿದೆ.”

“ನಮ್ಮ ಹಾಗೇ.”

“ಈಗ ಸಾಲ್ವೆಂಟ್ ಅದನ್ನ ತಳ್ತಾ ಇದೆ. ಸ್ವಲ್ಪ ಟೈಮ್ ಕೊಡಿ ಅಂಕಲ್.”

ಎಷ್ಟೋ ಕಡೆ ಸಿಕ್ಕಿಬಿದ್ದಿದ್ದೇನೆ. ಬಾಗಿಲು ಬೇಗ ತೆರೆಯದಿರಲಿ ಎಂದು ಬೇಡಿಕೊಂಡದ್ದು ಅದೇ ಮೊದಲು!

ನೆಮ್ಮದಿಗೆ ಒಂದು ಮಾತು ಬಿಟ್ಟೆ. “ನಿಮ್ಮ ಸರ್ ಸ್ನಾನಾನೂ ಅರ್ಧ ಚೊಂಬಲ್ಲೇ ಮುಗಿಸೋ ಗಿರಾಕಿ ಅನ್ನು.”

ಡೀಡೀಯ ಮೀಸೆ ಅದುರಿತು.

ಒಂದೇ ಸಲ. ಆದರೆ ನಾನು ನೋಡಿದೆ.



ಗುಜರಾತಿನ ಕನ್ನಡಿಗರ ಹಳೇ ಚಟ ಇದು. ಲಿಫ್ಟಿನಲ್ಲಿ, ಬಸ್ಸಿನಲ್ಲಿ, ಅಂಗಡಿಯವನ ಮುಖದ ಮುಂದೆಯೇ ಅವನ ಜಾತಕ ಜಾಲಾಡುವುದು... ಗಟ್ಟಿ ದನಿಯಲ್ಲಿ! ಯಾರಿಗೆ ತಿಳಿಯುತ್ತೆ ಎನ್ನುವ ಧೈರ್ಯ. ಇವನಿಗೆ ತಿಳಿದಿತ್ತು. ಮೊದಲಿನಿಂದ ಕೊನೆವರೆಗೆ!

ಅವನ ಕೈ ವಾಕಿಟಾಕಿಯ ಕಡೆ ಸರಿಯಿತು.

ಬಾಯಿಗೆ ಬಂದದ್ದು ಹೇಳಿದೆ. “ಅಂತೂ ಹಳೇ ಕಾಲಮ್ಮನ್ನ ಬಿಚ್ಚಿ ನಿನ್ನ ಘಾರಿ ಡಬ್ಬದಲ್ಲಿ ಇಟ್ಟಿದ್ದು ಒಳ್ಳೇದಾಯ್ತಮ್ಮ! ಈಗ ಓಡ್ತಿರೋದು ಹೊಸದು. ಅದರಲ್ಲೇನೂ ಸಿಗಲ್ಲ.”

“ಅಂಕಲ್, ಏನು ಹೇಳ್ತಿದೀರಾ? ನಾನೆಲ್ಲಿ...”

ಅವಳ ಕಾಲು ತುಳಿದೆ.

“ಆಯ್! ಹಾಂ... ಹೌದು. ಡಬ್ಬದಲ್ಲಿ.”

ಡೀಡೀ ಮೂರೇ ಹೆಜ್ಜೆಗೆ ಬಂದ. ಸೂರತ್‌ನಿಂದ ಅವಳು ತಂದಿದ್ದ ಸಿಹಿಯ ಡಬ್ಬವನ್ನು ಬ್ಯಾಗಿನಿಂದ ಎಳೆದುಕೊಂಡ. ಹೊರಗೆ ನಡೆದ.

ಕ್ಲಿಕ್!

ನಾವು ಗೆರೆ ನೋಡುತ್ತ ಕೂತೆವು.

ಚಪ್ಪಟೆ... ಚಪ್ಪಟೆ... ಇನ್ನೂ ಚಪ್ಪಟೆ.

“ಬರುತ್ತಾ?”

“ಬರಬೇಕು.”

ಗೋಡೆಗಳು ಹತ್ತಿರ ಸರಿದ ಹಾಗೆ ಅನಿಸಿತು. ಕಾರಿಡಾರಿನಲ್ಲಿ ಬೂಟಿನ ಸದ್ದು!

ಬಾಗಿಲು ದಡಾರನೆ ತೆರೆಯಿತು. ಮಂಥನ್! ಹಿಂದೆ ಡೀಡೀ. ಡಬ್ಬ ಮೇಜಿಗೆ ಬಡಿಯಿತು. ಘಾರಿಗಳು ತುಪ್ಪದ ಗೆರೆ ಎಳೆಯುತ್ತ ಉರುಳಿದವು.

“ಎಲ್ಲಿ ಕಾಲಮ್? ನನ್ನ ಹತ್ತಿರ ಆಟವಾ?”

ಜಿಲೇಬಿ ಪಾಕ ಬತ್ತಿಹೋಗಿತ್ತು. ಅವನು ಮೇದಿನಿಯ ಮಣಿಕಟ್ಟು ಹಿಡಿದ. ಸ್ಕ್ಯಾನರಿನ ಕಡೆ ಎಳೆದ. ನಾನು ನಡುವೆ ನುಗ್ಗಿದೆ. ಅವನ ಮೊಣಕೈ ನನ್ನ ದವಡೆಗೆ ಬಿತ್ತು. ಬಾಯಲ್ಲಿ ರಕ್ತದ ರುಚಿ. ಅವಳ ಬೆರಳಿಗೂ ಗಾಜಿಗೂ ಅಂತರ ಒಂದು ಅಂಗುಲ...

“ಅಂಕಲ್! ನೋಡಿ!”

ಗೆರೆ ತಲೆಯೆತ್ತಿತ್ತು.

ನಿಧಾನ. ಅಗಲ. ಬೆಳಿಗ್ಗೆಯಿಂದ ಕೂತು ಮೈ ಬಂದವರ ಹಾಗೆ ಸ್ವಲ್ಪ ದಪ್ಪ. ಆದರೆ ಗುಡ್ಡವೇ! ಸ್ಕ್ರೀನಿನ ಅಂಚು ಕೆಂಪಗೆ ಮಿನುಗಿತು. ಖಾಲಿ ಇರಬೇಕಾದಲ್ಲಿ ಏನಾದರೂ ಕಂಡರೆ ಸಾಫ್ಟ್‌ವೇರ್ ತಾನಾಗಿ ಕೂಗಿಕೊಳ್ಳುತ್ತದಂತೆ. ಇಲ್ಲೂ... ವಡೋದರಾದಲ್ಲೂ!

ಮಂಥನ್ ಅವಳ ಕೈಬಿಟ್ಟು ಪ್ಲಗ್ ಕಿತ್ತ.

ತಡವಾಗಿತ್ತು. ಒಳಬರುವ ಕರೆಗಷ್ಟೇ ಇದ್ದ ಮೇಜಿನ ಫೋನ್ ಹೊಡೆದುಕೊಂಡಿತು. ಮೇದಿನಿ ಸ್ಪೀಕರ್ ಒತ್ತಿದಳು.

“ಅಲ್ಕಾಪುರಿಯಿಂದ ವಿಂಧ್ಯಾ, ಕ್ವಾಲಿಟಿ. ನಿಮ್ಮ ಬ್ಲ್ಯಾಂಕ್‌ನಲ್ಲಿ ಪೀಕ್ ಇದೆ. ಬರೀ ಸಾಲ್ವೆಂಟಿಗೆ ಇದು ಎಲ್ಲಿಂದ ಬಂತು?”

“ಕೆಮಿಸ್ಟ್ ತಪ್ಪು ಮೇಡಂ!” ಮಂಥನ್ ಕಿರುಚಿದ. “ಬೆಳಿಗ್ಗೆ ಟೆಸ್ಟ್ ಮಾಡಿದ್ದೂ ಅವಳೇ!”

“ಬೆಳಿಗ್ಗೆ ಅವಳು ರೈಲಿನಲ್ಲಿದ್ದಳು,” ಎಂದೆ. “ಹಾಜರಿ ಹಾಕಿದ್ದು ಅವಳಪ್ಪನ ಕೈಮೆಷಿನ್ನು. ರೈಲ್ವೆಯವರನ್ನೇ ಕೇಳಿ.”

“ಮತ್ತೆ ಆ ಟೆಸ್ಟನ್ನ ಎಲ್ಲಿ ಕಟ್ ಮಾಡಿದಾರೆ ನೋಡಿ, ಮೇಡಂ,” ಎಂದಳು ಮೇದಿನಿ.

ಆ ಕಡೆ ಕೀಬೋರ್ಡಿನ ಟಕಟಕ.

“ಬ್ಯಾಚ್ ಹೋಲ್ಡ್. ಏನೂ ಮುಟ್ಟಬೇಡಿ. ನಾನು ಹೊರಟೆ.”

ಮಂಥನ್ ಬಿಳುಚಿದ. “ಡೀಡೀ! ಇವರನ್ನು ಬಿಡಬೇಡ!”

ಡೀಡೀ ಕಾರ್ಡ್ ಎತ್ತಿದ. ಬೀಪ್! ಬಾಗಿಲು ತೆರೆಯಿತು. ಯಾಕೆಂದು ಕೇಳುವಷ್ಟು ಪುರುಸೊತ್ತಿರಲಿಲ್ಲ. ಓಡಿದೆವು! ಮೆಟ್ಟಿಲು, ಡ್ರಮ್ಮುಗಳ ಸಾಲು, ಗೇಟು. ಹಿಂದೆ ಬೂಟುಗಳು ಧಡಧಡ... ಆಟೋ ಹತ್ತುವಷ್ಟರಲ್ಲಿ ಒಂದು ಕೈ ನನ್ನ ಭುಜ ಹಿಡಿಯಿತು.

“ನಿಮ್ಮ ಫೋನ್ ಮರತೀರಿ, ಸಾಹೇಬ್ರ.”

ಅಚ್ಚ ರಾಯಚೂರಿನ ಕಡೆಯ ಕನ್ನಡ!

“ಯಾವೂರಯ್ಯ ನಿಂದು?”

“ಸಿಂಧನೂರ್ರಿ. ದೊಡ್ಡಣ್ಣ ಅಂತ ಹೆಸರು. ಇಲ್ಲಿ ಮಂದಿಗೆ ನಾಲಿಗಿ ತಿರುಗಂಗಿಲ್ಲ, ಡೀಡೀ ಮಾಡ್ಯಾರ.”

“ನನ್ನ ಸುಳ್ಳು ನಂಬಿಬಿಟ್ಟೆಯಲ್ಲಯ್ಯ!” ನನ್ನ ಜಾಣತನಕ್ಕೆ ನಾನೇ ಬೀಗಿದೆ.

“ನಂಬಾಕ ನಂಗೇನು ಕಣ್ಣಿಲ್ಲೇನ್ರಿ? ಅಲ್ಲೇ ನಿಂತಿದ್ದೆ. ಅಕ್ಕಾರು ಆ ಕೊಳವಿ ಬಿಚ್ಚೇ ಇಲ್ಲ.”

“ಮತ್ತೆ ಡಬ್ಬ ಯಾಕೆ ಒಯ್ದೆ?”

“ಬಾಗಲಾ ಕಾದಾಂವ ನಾನು. ನಾಳೆ ಪೊಲೀಸ್ರು ಬಂದ್ರ ಮೊದಲು ಹಿಡಿಯೋದು ನನ್ನ ಕಾಲರ್. ಅದಕ್ಕ ನಿಮಗ ಹೊತ್ತು ಸಿಗಲಿ ಅಂತ ಸಾವಕಾಶ ಹೋದೆ. ಮೆಟ್ಟಲ ಮ್ಯಾಲ ಕುಂತು ಎರಡು ತಿಂದೆ.” ಮೀಸೆಯಲ್ಲಿ ಇನ್ನೂ ತುಪ್ಪ ಹೊಳೆಯುತ್ತಿತ್ತು. “ಅರ್ಧ ಚೊಂಬು ಅಂದ್ರಲ್ಲ... ಆಗ ನಗು ತಡಿಯಾದು ಭಾಳ ಕಷ್ಟಾತ್ರಿ.”

ಅಂದಿನಿಂದ ಗುಟ್ಟಿನ ಮಾತನ್ನೆಲ್ಲ ನಾನು ಗುಜರಾತಿಯಲ್ಲೇ ಆಡುತ್ತೇನೆ. ಅದು ನನಗೂ ಸರಿಯಾಗಿ ತಿಳಿಯುವುದಿಲ್ಲ!