ಗ್ರೈಂಡರ್ ಲೈನಿನ ಟೇಪು

2003ರ ಫೆಬ್ರವರಿ 19, ಬುಧವಾರ. ಬೆಳಿಗ್ಗೆ ಒಂಬತ್ತಕ್ಕೆ ಹಳೇಬೀಡು ಠಾಣೆಗೆ ಬಂದ ರುಕ್ಮಿಣಮ್ಮ ಕೂರಲು ಒಪ್ಪಲಿಲ್ಲ. ಬಸದಿ ರಸ್ತೆಯಲ್ಲಿ ಮೆಸ್ ನಡೆಸುವ ಆಕೆಯ ಸೆರಗಿನ ಮೇಲೆ ಇನ್ನೂ ಇಡ್ಲಿ ಹಿಟ್ಟಿತ್ತು. ಆ ದಿನ ಬೆಳಿಗ್ಗೆ ಅಡುಗೆ ಕೆಲಸದ ಕೋಮಲ ಚಟ್ನಿ ರುಬ್ಬಲು ಹೋಗಿ, ಗ್ರೈಂಡರ್ ಓಡದಿದ್ದಾಗ ಪ್ಲಗ್ ನೋಡಲೆಂದು ಒದ್ದೆ ಕೈಯನ್ನು ಅದರ ಹಿಂದಕ್ಕೆ ಹಾಕಿದ್ದಳು. ಶಾಕ್ ಹೊಡೆದು ಬಿದ್ದವಳಿಗೆ ಬೇಲೂರಿನ ಆಸ್ಪತ್ರೆಯಲ್ಲಿ ಇನ್ನೂ ಜ್ಞಾನ ಬಂದಿರಲಿಲ್ಲ.

"ಎದುರು ಹೋಟ್ಲು ರಂಗಪ್ಪಂದೇ ಕೆಲ್ಸ ಸಾರ್. ಹಿಂದೆ ಎರಡು ಸಲ ಲೈನು ಕೆಟ್ಟಾಗ ಇಲಿ ಕಡಿದೈತೆ ಅಂತ ವೈರ್‌ಮನ್ ಏಕಾಂತಯ್ಯ ಸರಿ ಮಾಡಿದ್ರು. ಈಗ ನೋಡಿದ್ರೆ ತಂತಿ ಕತ್ತರಿಸವ್ರೆ."

ಸಬ್ ಇನ್‌ಸ್ಪೆಕ್ಟರ್ ಭೀಮರಾಜ್ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ಶಿವಯ್ಯನವರ ಜೊತೆ ಹೊರಟರು. ರಂಗಪ್ಪ ವಾರದ ಹಿಂದೆಯೇ ಅರಸೀಕೆರೆಯ ಮಗಳ ಮನೆಗೆ ಹೋಗಿದ್ದ. ಅವನ ಹೋಟೆಲಿಗೆ ಬೀಗ ಬಿದ್ದಿತ್ತು. ಕೋಪ ನೆತ್ತಿಗೇರಿದರೆ ಎದುರಿನ ಬೀಗವೂ ಕಾಣುವುದಿಲ್ಲವೇನೋ.

ಅಡುಗೆಮನೆ ಹೊಸದು. ವೈರಿಂಗ್ ಮೆಚ್ಚುವಂತಿತ್ತು. ನೀರಿನ ತೊಟ್ಟಿಯಿಂದ ದೂರ ಸ್ವಿಚ್ ಬೋರ್ಡು, ಗ್ರೈಂಡರಿಗೂ ಫ್ರಿಜ್ಜಿಗೂ ಬೇರೆ ಬೇರೆ ಲೈನು, ಹಿತ್ತಲಲ್ಲಿ ಅರ್ಥಿಂಗ್ ಗುಂಡಿ. ಪಂಚರ ಸಮಕ್ಷಮ ಪಂಚನಾಮೆ ನಡೆಯಿತು. ತಂತಿಯ ಮೇಲಿನ ಪ್ಲಾಸ್ಟಿಕ್ ಪಟ್ಟಿಯನ್ನು ಒಡೆದಿರಲಿಲ್ಲ, ನಿಧಾನವಾಗಿ ಬಿಚ್ಚಿದ್ದರು. ಕತ್ತರಿಸಿದ ತುದಿಗೆ ಕಪ್ಪು ಟೇಪು ಅಚ್ಚುಕಟ್ಟಾಗಿ ಸುತ್ತಿದ್ದರು. ಪಕ್ಕದ ಇಡ್ಲಿ ಒಲೆಯ ಹಬೆಗೆ ಅದರ ಅಂಟು ಬಿಟ್ಟು ಬರಿ ತಂತಿ ಹೊರಗೆ ಕಾಣುತ್ತಿತ್ತು.

"ಹಾಳು ಮಾಡೋಕೆ ಬಂದೋನು ಟೇಪ್ ಯಾಕ್ರೀ ಸುತ್ತುತ್ತಾನೆ?" ಎಂದರು ಭೀಮರಾಜ್.

"ಯಾರಿಗೂ ಶಾಕ್ ಹೊಡೀಬಾರ್ದು ಅಂತ ಸಾರ್," ಎಂದರು ಶಿವಯ್ಯ. ಹೇಳಿದ ಮೇಲೆ ಅವರಿಗೇ ಅದು ವಿಚಿತ್ರವೆನಿಸಿತು.

ಭೀಮರಾಜ್ ರುಕ್ಮಿಣಮ್ಮನತ್ತ ತಿರುಗಿದರು. "ನಿನ್ನೆ ಹಿಟ್ಟು ರುಬ್ಬಿದ ಮೇಲೆ ಹೊರಗಿನವರು ಯಾರು ಒಳಗೆ ಬಂದಿದ್ರು?"

"ಯಾರೂ ಇಲ್ಲ."

"ಯೋಚನೆ ಮಾಡಿ."

"ಏಕಾಂತಯ್ಯ ಬಂದಿದ್ರು, ಅರ್ಥಿಂಗ್ ಗುಂಡಿಗೆ ನೀರು ಹುಯ್ದಿದ್ದೀರಾ ಅಂತ ಕೇಳ್ಕೊಂಡು. ಅವರೇನು ಹೊರಗಿನವ್ರಾ ಸಾರ್?"

"ಆಗ ಈ ಒಲೆ ಇಲ್ಲೇ ಇತ್ತಾ?"

"ಇಲ್ಲ, ಆ ಮೂಲೇಲಿತ್ತು. ಅವರು ಹೋದ್ಮೇಲೆ ಸಂಜೆ ಈ ಕಡೆ ತಂದೆ."

ಮಧ್ಯಾಹ್ನ ಜೀಪು ಮಾದಿಹಳ್ಳಿಗೆ ಹೋಯಿತು. ಹೆಂಡತಿ ತೀರಿಕೊಂಡ ಮೇಲೆ ಏಕಾಂತಯ್ಯ ಒಂದೇ ಕೋಣೆಯಲ್ಲಿ ಇದ್ದರು. ಪೊಲೀಸರನ್ನು ಕಂಡು ಕುರ್ಚಿಯ ಮೇಲಿನ ಬಟ್ಟೆ ತೆಗೆದರು. ಬೇರೆ ಯಾರೂ ಕೂರದ ಕುರ್ಚಿ ಅದು.

"ಕೋಮಲಂಗೆ ಶಾಕ್ ಹೊಡೆದಿದೆ," ಎಂದರು ಭೀಮರಾಜ್.

"ಹೊಡಿಯಕ್ಕಾಗಲ್ಲ ಸಾರ್! ಟೇಪ್ ಸುತ್ತಿದ್ದೆ!"

ಮಾತು ಬಾಯಿಂದ ಜಾರಿಹೋಗಿತ್ತು. ಆದರೆ ಏಕಾಂತಯ್ಯನವರಿಗೆ ಅದರ ಗಮನವೇ ಇರಲಿಲ್ಲ. "ಒಲೆ ಆ ಮೂಲೇಲಿ ಅಲ್ವಾ ಇರೋದು?"

"ನಿನ್ನೆ ಸಂಜೆ ಈಚೆ ತಂದಿದ್ದಾರೆ."

"ಆ ಮಗು ಬದುಕವ್ಳಾ ಸಾರ್?"

"ಇನ್ನೂ ಎಚ್ಚರ ಬಂದಿಲ್ಲ. ಯಾಕೆ ಮಾಡಿದ್ರಿ?"

"ವೈರಿಂಗ್‌ಗೆ ಮುಂಚೆ ನಾನು, ರುಕ್ಮಿಣಮ್ಮ, ಕೋಮಲ ಮೂರು ಜನಾನೂ ಖಾಲಿ ಕೋಣೇಲಿ ನಿಂತ್ಕೊಂಡು ಗೋಡೆ ಮೇಲೆ ಸೀಮೆಸುಣ್ಣದಲ್ಲಿ ಗುರುತು ಹಾಕ್ತಿದ್ವಿ. ಗ್ರೈಂಡರ್ ಇಲ್ಲಿ, ಫ್ರಿಜ್ ಅಲ್ಲಿ ಅಂತ. ಕೋಮಲ ಜಗಳ ಆಡೋಳು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಒಟ್ಟಿಗೆ ಉಣ್ತಿದ್ವಿ. ಕೆಲ್ಸ ಮುಗೀತು, ಕರೆಯೋರಿಲ್ಲ. ಮುಂದ್ಗಡೆ ಟೇಬಲ್‌ನಾಗೆ ಕೂತು ಉಂಡ್ರೆ ಯಾರು ಮಾತಾಡಿಸ್ತಾರೆ? ಕೆಲ್ಸ ಚೆನ್ನಾಗಿ ಮಾಡ್ಬಿಟ್ಟಿದ್ದೆ ಸಾರ್. ತಾನಾಗಿ ಕೆಡಲೇ ಇಲ್ಲ. ಆ ಎರಡು ಸಲಾನೂ ಇಲಿ ಅಲ್ಲ, ನಾನೇ ಕೆಡಿಸಿದ್ದು."

ಭೀಮರಾಜ್ ಕಟ್ಟರ್, ಟೇಪು ಜಪ್ತಿ ಮಾಡಿ, ದಸ್ತಗಿರಿ ಸಮಯವನ್ನು ಮೂರೂವರೆ ಎಂದು ಬರೆಸಿದರು.

ಸಂಜೆ ಆಸ್ಪತ್ರೆಯಿಂದ ಫೋನ್ ಬಂತು. ಕೋಮಲ ಕಣ್ಣು ಬಿಟ್ಟಿದ್ದಳು. ಬಲಗೈ ಸುಟ್ಟಿತ್ತು, ಜೀವಕ್ಕೆ ಭಯವಿರಲಿಲ್ಲ. ಸುದ್ದಿ ಕೇಳಿ ಏಕಾಂತಯ್ಯ ಲಾಕಪ್ಪಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು.

ಸ್ವಲ್ಪ ಹೊತ್ತಿಗೆ ರುಕ್ಮಿಣಮ್ಮ ಬಂದರು. ಬೈಯಲೆಂದೇ ಬಂದವರು ಕಂಬಿ ಹಿಡಿದು ನಿಂತರು.

"ಕರೆಂಟ್ ಕೆಡಿಸ್ಲೇಬೇಕಿತ್ತಾ? ಸುಮ್ನೆ ಬಂದಿದ್ರೆ ನಾನು ಊಟಕ್ಕೆ ಇಕ್ತಿರ್ಲಿಲ್ವಾ?"

ಏಕಾಂತಯ್ಯ ತಲೆ ಎತ್ತಲಿಲ್ಲ.

"ಸುಮ್ಸುಮ್ನೆ ಹೆಂಗಮ್ಮ ಬರೋದು?" ಎಂದರು.